ಕ್ಲಾರ್ನೆಟ್ ಹಿಡಿದವನ ಮುಖ

ಶಾಲೆಯ ಟೀಚರೊಬ್ಬರು ನನ್ನ ಅಂಗಡಿಗೆ ಬಂದಾಗ ಮಧ್ಯಾಹ್ನದ ಬಿಸಿಲಿಗೆ ಗಾಂಧಿ ಚೌಕದ ಗದ್ದಲ ಸ್ವಲ್ಪ ಇಳಿದಿತ್ತು. ನಾನು ಸಿಸಿ ಕ್ಯಾಮೆರಾದ ವೈರೊಂದನ್ನು ಬೆಸೆಯುತ್ತ ಕೂತಿದ್ದೆ. ಅವರು ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಹಳೆಯ ಹಿಂದಿ ಸಿನಿಮಾದ ವಿಸಿಡಿ ತೆಗೆದು ಕೌಂಟರಿನ ಮೇಲಿಟ್ಟರು.

‘ಇದರಾಗ ಒಬ್ಬರ ಮುಖಾ ಐತ್ರಿ. ಅದು ಸ್ಪಷ್ಟ ಕಾಣೂಹಂಗ ಮಾಡಾಕ ಬರ್ತೈತೇನು?’

ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಪದೇ ಪದೇ ಹಾಕಿ ತೆಗೆದ ಡಿಸ್ಕಿನ ಮೇಲೆ ಗೀರುಗಳು ಬಿದ್ದಿದ್ದವು. ಒಂದು ಕಾಲಕ್ಕೆ ನನ್ನ ಅಂಗಡಿಯ ತುಂಬ ಇಂಥವೇ ಡಿಸ್ಕುಗಳಿದ್ದವು, ಬಾಡಿಗೆಗೆ ಕೊಡುತ್ತಿದ್ದೆ. ಈಗ ಜನ ಫೋನಿನಲ್ಲಿಯೇ ಸಿನಿಮಾ ನೋಡುತ್ತಾರೆ. ನಾನು ಟಿವಿ ಕೂಡಿಸುವುದು, ಡಿಶ್ ತಿರುಗಿಸುವುದು, ಉಳ್ಳವರ ಮನೆಗೆ ಹೋಮ್ ಥಿಯೇಟರ್ ಹಾಕಿಕೊಡುವುದು ಮಾಡಿಕೊಂಡಿದ್ದೇನೆ.

‘ಯಾರ ಮುಖಾರಿ? ಹೀರೋಂದ?’ ಎಂದು ನಗುತ್ತ ಕೇಳಿದೆ.

‘ನಮ್ಮಪ್ಪಂದು’ ಎಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಅವರ ತಂದೆ ಬಬಲೇಶ್ವರದ ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ನುಡಿಸುತ್ತಿದ್ದರು. ಟೀಚರ್ ಹುಟ್ಟಿದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ತಂದೆ ಕೂಸನ್ನು ತಮ್ಮ ಅಕ್ಕನ ಮಡಿಲಿಗೆ ಹಾಕಿ, ಮುಂಬೈಯ ದೊಡ್ಡ ಬ್ಯಾಂಡಿನಲ್ಲಿ ಕೆಲಸ ಸಿಗುತ್ತದೆಂದು ಹೋದರು. ಮೊದಮೊದಲು ಪತ್ರಗಳು ಬರುತ್ತಿದ್ದವು. ನಂತರ ನಿಂತವು. ಹುಡುಕಿಕೊಂಡು ಹೋದ ನೆಂಟರಿಗೆ ಅವರು ಇದ್ದ ಕೋಣೆಯಲ್ಲಿ ಬೇರೆಯವರು ಸಿಕ್ಕರು.

ಕೆಲವು ವರ್ಷಗಳ ಮೇಲೆ, ಟೀಚರ್ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಓಣಿಯವರೊಬ್ಬರು ಈ ವಿಸಿಡಿ ತಂದಿದ್ದರಂತೆ. ಅದರ ಹಾಡೊಂದರಲ್ಲಿ ಮದುಮಗನ ಮೆರವಣಿಗೆ ಹೋಗುತ್ತದೆ. ಬ್ಯಾಂಡಿನ ಸಾಲಿನಲ್ಲಿ ತುದಿಗಿರುವ ಒಬ್ಬಾತ, ಕ್ಲಾರ್ನೆಟ್ ಹಿಡಿದವನು, ಉಸಿರೆಳೆದುಕೊಳ್ಳಲು ಒಮ್ಮೆ ಮುಖ ತಿರುಗಿಸುತ್ತಾನೆ. ಅಷ್ಟೇ. ಅವರ ಸೋದರತ್ತೆ ಕೈಯಲ್ಲಿದ್ದ ತಟ್ಟೆ ಬಿಟ್ಟು ಎದ್ದು ನಿಂತರಂತೆ. ಆ ಸಿನಿಮಾ ತಯಾರಾದದ್ದು ಪತ್ರಗಳು ನಿಂತ ಮೇಲೆ. ಅಂದರೆ ತಮ್ಮ ಬದುಕಿದ್ದ.

‘ನಮ್ಮ ಫುಪ್ಪು ಅವತ್ತಿನಿಂದ ಪ್ರತಿ ವರ್ಷಾ ಮುಂಬೈಗೆ ಹೋಗ್ತಾಳ್ರಿ’ ಎಂದರು ಟೀಚರ್. ತಂದೆಯ ಅಕ್ಕನನ್ನು ಅವರು ಫುಪ್ಪು ಎಂದೇ ಕರೆಯುತ್ತಿದ್ದರು. ‘ಬ್ಯಾಂಡಿನವರ ಅಂಗಡಿ ಇರೂ ಓಣ್ಯಾಗ ಫೋಟೋ ಹಿಡಕೊಂಡು ತಿರಗತಾಳ. ನಮ್ಮ ಹತ್ತರ ಇರೂದು ಅಪ್ಪಂದು ಮದವಿ ಮುಂಚಿನ ಫೋಟೋ. ಈ ಸಿನಿಮಾದಾಗಿನ ಮುಖಾ ಸ್ಪಷ್ಟ ಸಿಕ್ಕರ ಅದನ್ನ ತೋರಸಬಹುದಲ್ರಿ? ಹೋದ ಸಲ ಅಕಿ ಸ್ಟೇಷನ್ನಿನ ಮೆಟ್ಟಲಾ ಇಳಿಯೂವಾಗ ಬಿದ್ದು ಮೊಣಕಾಲಿಗಿ ಹೊಡ್ತಾ ಮಾಡಕೊಂಡಾಳ. ಸುಮ್ನ ತಿರಗೂದು ತಪ್ಪಲಿ ಅಂತ.’

ಅವರು ತಾವೇ ಒಂದು ಪ್ರಯತ್ನ ಮಾಡಿ ನೋಡಿದ್ದರು. ಟಿವಿಯ ಫೋಟೋ ತೆಗೆದು, ಮುಖ ತಿಳಿಮಾಡುತ್ತದೆ ಎನ್ನುವ ಒಂದು ಆ್ಯಪ್‌ಗೆ ಹಾಕಿದ್ದರು. ಅದು ಕೊಟ್ಟ ಚಿತ್ರವನ್ನು ಫೋನಿನಲ್ಲಿ ತೋರಿಸಿದರು. ನುಣುಪು ಕೆನ್ನೆಯ, ತಿದ್ದಿದ ಹುಬ್ಬಿನ ತರುಣ. ಸಾಬೂನಿನ ಜಾಹೀರಾತಿನಲ್ಲಿ ನಿಲ್ಲಿಸಬಹುದಾದ ಮುಖ.

‘ಇದು ಯಾರದೂ ಅಲ್ರಿ’ ಎಂದೆ. ‘ವಿಸಿಡಿಯೊಳಗ ಆ ಮುಖಕ್ಕ ಸಿಕ್ಕಿರೂದು ಬೆರಳೆಣಿಕೆ ಚುಕ್ಕಿ. ಇಲ್ಲದ್ದನ್ನ ಈ ಆ್ಯಪ್ ತಾನ ಕಟ್ಟಿ ಕೊಡ್ತೈತಿ. ಖರೇ ಮುಖಾ ಬೇಕಂದ್ರ ಮೂಲ ಫಿಲ್ಮಿನಿಂದ ತಗದ ಕಾಪಿ ಬೇಕು.’

ಅಂಥ ಕಾಪಿ ಎಂದರೆ ಹೈ ಡೆಫಿನಿಷನ್ ಡಿಸ್ಕ್, ಬ್ಲೂ-ರೇ. ಡಿವಿಡಿ ಬಿಟ್ಟು ಬ್ಲೂ-ರೇ ತೆಗೆದುಕೊಳ್ಳುವುದು ಲಾಭವೇ ಎಂದು ಗಿರಾಕಿಗಳು ಕೇಳಿದರೆ ನಾನು ಸಾಮಾನ್ಯವಾಗಿ ಬೇಡ ಎನ್ನುತ್ತಿದ್ದೆ. ಸಣ್ಣ ಟಿವಿ, ಗೋಡೆಯ ಆಚೆ ತುದಿಗೆ ಸೋಫಾ, ಎದುರಿಗೆ ಊಟದ ತಟ್ಟೆ. ಹೀಗೆ ಕೂತು ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಓಡುವ ಚಿತ್ರದಲ್ಲಿ ಕಣ್ಣು ಎಷ್ಟೋ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ಟೀಚರಿಗೆ ಓಡುವ ಸಿನಿಮಾ ಬೇಕಿರಲಿಲ್ಲ. ನಿಂತ ಒಂದೇ ಒಂದು ಚಿತ್ರ ಬೇಕಿತ್ತು. ಅದಕ್ಕೆ ಬ್ಲೂ-ರೇ ಬಿಟ್ಟು ಗತಿಯಿರಲಿಲ್ಲ. ಇಂಥ ಕೆಲಸ ನನಗೆ ಹಿಂದೆ ಬಂದಿರಲಿಲ್ಲ. ಹುರುಪಿನಿಂದಲೇ ಒಪ್ಪಿಕೊಂಡೆ.

ಆ ಭಾನುವಾರ ಬಬಲೇಶ್ವರಕ್ಕೆ ಹೋದೆ. ಟೀಚರ ಮನೆಯ ಟಿವಿ ಯಾವುದು, ಅದಕ್ಕೆ ಏನೇನು ಜೋಡಿಸಬಹುದು ನೋಡಬೇಕಿತ್ತು. ಹಳೆಯ ಡಬ್ಬಿ ಟಿವಿ. ಮೇಲೆ ಕಸೂತಿ ಹಾಕಿದ ಬಟ್ಟೆ, ಪಕ್ಕದಲ್ಲಿ ವಿಸಿಡಿ ಪ್ಲೇಯರ್. ಫುಪ್ಪು ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ನಿವೃತ್ತರಾದವರು. ಎತ್ತರದ ಗಟ್ಟಿ ಹೆಂಗಸು. ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ನಾನು ಕೂಡುವ ಮೊದಲೇ ಡಿಸ್ಕ್ ಹಾಕಿದರು. ರಿಮೋಟಿನಲ್ಲಿ ಆ ಜಾಗಕ್ಕೆ ಓಡಿಸುವುದು ಅವರ ಬೆರಳಿಗೆ ರೂಢಿಯಾಗಿತ್ತು.

‘ಈಗ ಬರ್ತಾನ ನೋಡ್ರಿ. ಆ ಕಡೀ ತುದಿಗಿ. ಬಂದ, ಬಂದ… ಇಂವ!’

ಚಿತ್ರ ನಿಂತಿತು. ಕೆಂಪು ಅಂಗಿ, ತಲೆಗೆ ಟೊಪ್ಪಿಗೆ, ಕಂದು ಬಣ್ಣದ ಒಂದು ಮುಖ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಕಲೆ. ಅದು ಯಾರದಾದರೂ ಆಗಬಹುದಿತ್ತು.

‘ಹೆಂಗ ಗುರ್ತಾ ಹಿಡದ್ರಿ?’ ಎಂದು ಕೇಳಿದೆ.

‘ಕ್ಲಾರ್ನೆಟ್ ಹಿಡದದ್ದು ನೋಡ್ರಿ, ಎಡಕ್ಕ ವಾಲಿಸ್ಯಾನ. ಅಂವ ಹಂಗ ಹಿಡೀತಿದ್ದ. ಮತ್ತ ಈ ಕಿವಿ ನೋಡ್ರಿ.’ ಅವರು ಟಿವಿಯ ಹತ್ತಿರ ಹೋಗಿ ಬೆರಳಿಟ್ಟರು. ‘ಸಣ್ಣಂವಿದ್ದಾಗ ನಾಯಿ ಹಿಡದು ಎಡಗಿವಿ ಮ್ಯಾಲಿನ ಅಂಚ ಹರಕೊಂಡು ಹೋಗಿತ್ತು. ನಾ ಎತಗೊಂಡು ದವಾಖಾನಿಗಿ ಓಡಿದ್ದೆ. ಹೊಲಿಗಿ ಹಾಕಿದ್ರು, ಹೋದ ತುಂಡ ಎಲ್ಲಿಂದ ತರಬೇಕು? ಇಲ್ಲಿ ನೋಡ್ರಿ, ಕಡದಂಗ ಕಾಣತೈತಿಲ್ಲ?’

ಹೌದು, ಕಿವಿಯ ಮೇಲ್ಭಾಗದಲ್ಲಿ ಚೌಕಾಕಾರದ ಒಂದು ಕಡಿತ ಕಾಣುತ್ತಿತ್ತು. ಗೋಡೆಯ ಮೇಲೆ ತಮ್ಮನ ಫೋಟೋ ಇತ್ತು. ತೆಳು ಮೀಸೆಯ ಹುಡುಗ. ಅದರಲ್ಲೂ ಎಡಗಿವಿಯ ಅಂಚು ಇರಲಿಲ್ಲ. ನನಗೂ ಅನುಮಾನ ಉಳಿಯಲಿಲ್ಲ.

ಹೊಸ ಡಿಸ್ಕಿನ ವಿಷಯ ಎತ್ತಿದಾಗ ಮಾತ್ರ ಫುಪ್ಪು ಉತ್ಸಾಹ ತೋರಿಸಲಿಲ್ಲ.

‘ಇದ್ರಾಗ ಏನ ಕಮ್ಮಿ ಐತ್ರಿ? ನನಗ ಕಾಣತಾನಲ್ಲ.’

‘ನಿಮಗ ಕಾಣತಾನ್ರಿ ಅಮ್ಮಾರ. ಮುಂಬೈಯಾಗಿನ ಮಂದಿಗೆ ಕಾಣಬೇಕಲ್ರಿ?’ ಎಂದೆ. ಹೊಸ ಡಿಸ್ಕಿನಲ್ಲಿ ಮೀಸೆಯ ಕೂದಲು ಎಣಿಸಬಹುದು, ಅದರಿಂದ ದೊಡ್ಡ ಫೋಟೋ ಮಾಡಿಕೊಡುತ್ತೇನೆ, ಅದನ್ನು ತೋರಿಸಿದರೆ ಯಾರಾದರೂ ಗುರುತು ಹೇಳಿಯೇ ಹೇಳುತ್ತಾರೆ ಎಂದು ವಿವರಿಸಿದೆ. ನನ್ನ ಮಾತಿನಲ್ಲಿ ವ್ಯಾಪಾರ ಇರಲಿಲ್ಲ. ನಿಜವಾಗಿಯೂ ಹಾಗೆ ನಂಬಿದ್ದೆ. ಅವರು ಬಹಳ ಹೊತ್ತು ಆ ನಿಂತ ಚಿತ್ರವನ್ನೇ ನೋಡಿದರು.

‘ಆತು, ತರ್ರಿ’ ಎಂದರು.

ತರುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅದೇ ಸಿನಿಮಾ ಫೋನಿನಲ್ಲಿ ಸಿಗುತ್ತಿತ್ತು. ಮೊದಲು ಅದನ್ನೇ ನೋಡಿದೆ. ಆದರೆ ಅದನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಕತ್ತರಿಸಿ ಹಿಗ್ಗಿಸಿದ್ದರು. ಆ ದೃಶ್ಯದಲ್ಲಿ ಬ್ಯಾಂಡಿನ ತುದಿಯವನ ಮುಖವೇ ಚೌಕಟ್ಟಿನ ಹೊರಗೆ ಹೋಗಿತ್ತು. ಕ್ಲಾರ್ನೆಟ್ಟಿನ ಕೆಳತುದಿ ಮತ್ತು ಒಂದು ಭುಜ ಮಾತ್ರ ಉಳಿದಿದ್ದವು.

ಆಮೇಲೆ ಪರಿಚಯದ ಸಗಟು ವ್ಯಾಪಾರಿಯೊಬ್ಬರ ಕಡೆಯಿಂದ ಬ್ಲೂ-ರೇ ಎಂದು ಬರೆದ ಡಿಸ್ಕೊಂದನ್ನು ತರಿಸಿದೆ. ಹಾಕಿ ನೋಡಿದರೆ ಅಂಚುಗಳೆಲ್ಲ ಕೃತಕವಾಗಿ ಚೂಪಾಗಿದ್ದವು, ಪ್ರತಿ ಮುಖದ ಸುತ್ತ ಬಿಳಿ ಗೆರೆ. ಡಿವಿಡಿಯನ್ನೇ ಹಿಗ್ಗಿಸಿ ದೊಡ್ಡ ಡಿಸ್ಕಿಗೆ ತುಂಬಿದ್ದರು. ಇಂಥ ಡಿಸ್ಕಿನಲ್ಲಿ ಚುಕ್ಕಿಗಳ ಸಂಖ್ಯೆ ಹೆಚ್ಚು, ವಿವರ ಹೆಚ್ಚಲ್ಲ. ವಾಪಸು ಕಳಿಸಿದೆ.

ಫಿಲ್ಮಿನ ಮೂಲ ನೆಗೆಟಿವನ್ನು ಮತ್ತೆ ಸ್ಕ್ಯಾನ್ ಮಾಡಿ ತೆಗೆದ ಆವೃತ್ತಿ ಹೊರದೇಶದಲ್ಲಿ ಮಾತ್ರ ಬಿಡುಗಡೆಯಾಗಿತ್ತು. ಅದರ ಹೊದಿಕೆಯ ಮೇಲೆ ಚಿತ್ರದ ಆಕಾರ ಹಳೆಯ ಅಳತೆಯಲ್ಲಿಯೇ ಇದೆ ಎಂದು ಬರೆದಿತ್ತು. ಅಂದರೆ ಅಂಚು ಕತ್ತರಿಸಿಲ್ಲ. ಟೀಚರ ಸಹೋದ್ಯೋಗಿಯೊಬ್ಬರ ನೆಂಟರು ಅಲ್ಲಿಂದ ಬರುವಾಗ ತಂದುಕೊಟ್ಟರು. ನನ್ನ ಪ್ಲೇಯರಿಗೆ ಹಾಕಿದರೆ, ಈ ಡಿಸ್ಕ್ ಈ ಪ್ರದೇಶದಲ್ಲಿ ಓಡುವುದಿಲ್ಲ ಎಂಬ ಒಂದೇ ಸಾಲು. ಬ್ಲೂ-ರೇಗೆ ಜಗತ್ತನ್ನು ಮೂರು ಪ್ರದೇಶಗಳಾಗಿ ಹಂಚಿದ್ದಾರೆ. ಒಂದು ಕಡೆಯ ಡಿಸ್ಕನ್ನು ಇನ್ನೊಂದು ಕಡೆಯ ಯಂತ್ರ ತೆಗೆದುಕೊಳ್ಳುವುದಿಲ್ಲ.

ನನ್ನ ಊರು ತಿಕೋಟಾ. ಅಲ್ಲಿನ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಮನೆಗೆ ಹಿಂದೆ ನಾನೇ ಹೋಮ್ ಥಿಯೇಟರ್ ಹಾಕಿಕೊಟ್ಟಿದ್ದೆ. ಅವರು ದುಬೈಯಿಂದ ಒಂದು ಪ್ಲೇಯರ್ ತಂದಿದ್ದರು, ಎಲ್ಲ ಪ್ರದೇಶದ ಡಿಸ್ಕುಗಳನ್ನೂ ಓಡಿಸುವಂಥದ್ದು. ಹೋಗಿ ಕೇಳಿದೆ.

‘ಒಯ್ಯೋ ಮಾರಾಯಾ, ಧೂಳಾ ತಿನ್ನಾಕತ್ತೈತಿ’ ಎಂದರು. ‘ತಂದಾಗ ಒಂದ ವಾರ ನೋಡಿದ್ವಿ. ಈಗ ಮನ್ಯಾಗ ಎಲ್ಲಾರೂ ಫೋನ್ ಹಿಡಕೊಂಡ ಕುಂಡ್ರತಾರ.’

ಒಯ್ಯುವ ಮೊದಲು ಅವರ ಮನೆಯಲ್ಲಿಯೇ, ಅವರ ದೊಡ್ಡ ಟಿವಿಯಲ್ಲಿ ಡಿಸ್ಕ್ ಪರೀಕ್ಷಿಸಿ, ಅಲ್ಲಿಯೇ ಫೋಟೋ ತೆಗೆದುಕೊಳ್ಳೋಣವೆಂದು ನಿರ್ಧರಿಸಿದೆ. ಡಿಸ್ಕಿನಿಂದ ನೇರವಾಗಿ ಚಿತ್ರ ಕದಿಯದಂತೆ ಅದಕ್ಕೆ ಬೀಗವಿರುತ್ತದೆ. ಟಿವಿಯ ಮುಂದೆ ಕ್ಯಾಮೆರಾ ನಿಲ್ಲಿಸಿ ತೆಗೆಯುವುದೊಂದೇ ದಾರಿ. ಮರುದಿನ ಬೆಳಿಗ್ಗೆ ಕ್ಯಾಮೆರಾ, ಸ್ಟ್ಯಾಂಡ್ ತಂದೆ. ಪರದೆ ಎಳೆದು ಕೋಣೆ ಕತ್ತಲು ಮಾಡಿದೆ. ಟಿವಿಯಲ್ಲಿ ತಾನಾಗಿಯೇ ಬಣ್ಣ ಹೆಚ್ಚಿಸುವ, ಚೂಪು ಮಾಡುವ ಸೆಟ್ಟಿಂಗುಗಳನ್ನೆಲ್ಲ ಬಂದ್ ಮಾಡಿದೆ. ಯಂತ್ರ ತನ್ನದೇನನ್ನೂ ಸೇರಿಸಬಾರದು, ಫಿಲ್ಮಿನಲ್ಲಿ ಇದ್ದದ್ದಷ್ಟೇ ಬರಬೇಕು ಎಂಬುದು ನನ್ನ ಹಟ.

ಹಾಡು ಶುರುವಾಯಿತು. ನಾನು ಬೆರಗಾಗಿ ಕೂತೆ. ವಿಸಿಡಿಯಲ್ಲಿ ಕೆಂಪು ಕಲೆಯಾಗಿದ್ದದ್ದು ಮಾಸಿದ ಕೆಂಪು ಕೋಟಾಗಿತ್ತು. ಒಬ್ಬನ ತೋಳಿನ ಹೊಲಿಗೆ ಬಿಚ್ಚಿತ್ತು. ಡೋಲಿನವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಮೆರವಣಿಗೆ ಮುಂದೆ ಬಂತು. ನಾನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ತುದಿಯವನು ಬಾಯಿಂದ ಕ್ಲಾರ್ನೆಟ್ ತೆಗೆದ, ಮುಖ ತಿರುಗಿಸಿದ. ನಿಲ್ಲಿಸಿದೆ.

ನಡುವಯಸ್ಸು ದಾಟಿದ ಒಬ್ಬ ಮನುಷ್ಯ. ಕೆನ್ನೆಯ ಮೇಲೆ ಸಿಡುಬಿನ ಕಲೆಗಳು. ದಪ್ಪ ಮೂಗು. ಎಡಗಿವಿ ಪೂರ್ತಿಯಾಗಿತ್ತು. ಅಂಚು ಎಲ್ಲಿಯೂ ಕಡಿದಿರಲಿಲ್ಲ. ಅವನ ಹಿಂದೆ ಯಾರೋ ಹಿಡಿದಿದ್ದ ದೀಪದ ಕಂದು ಕೋಲು ಕಿವಿಯ ತುದಿಗೆ ತಾಗಿದಂತೆ ಬಂದಿತ್ತು. ಚಿತ್ರವನ್ನು ಸಣ್ಣದು ಮಾಡಲು ವಿಸಿಡಿ ಎಲ್ಲವನ್ನೂ ಪುಟ್ಟ ಪುಟ್ಟ ಚೌಕಗಳಾಗಿ ಒಡೆಯುತ್ತದೆ. ಅಂಥ ಒಂದು ಚೌಕದಲ್ಲಿ ಕಿವಿಯ ಬಣ್ಣವೂ ಕೋಲಿನ ಬಣ್ಣವೂ ಒಂದಾಗಿ ಹೋಗಿದ್ದವು. ಫುಪ್ಪು ಇಷ್ಟು ವರ್ಷ ಬೆರಳಿಟ್ಟು ತೋರಿಸುತ್ತಿದ್ದ ಕಡಿತ ಆ ಚೌಕವಾಗಿತ್ತು.

ಒಂದು ಚಿತ್ರ ಹಿಂದೆ ಹೋದೆ, ಒಂದು ಮುಂದೆ ಬಂದೆ. ಎಲ್ಲದರಲ್ಲೂ ಕಿವಿ ಹಾಗೆಯೇ ಇತ್ತು. ಚಹಾ ಹಿಡಿದುಕೊಂಡು ಬಂದ ವ್ಯಾಪಾರಿ, ‘ಏನ್ ಕ್ಲಿಯರ್ ಐತೋ!’ ಎಂದು ಬಾಯಿ ತೆರೆದು ನಿಂತರು. ನಾನು ಫೋಟೋ ತೆಗೆದೆ. ಕೆಲಸವೇನೋ ನೆಟ್ಟಗೆ ಆಗಿತ್ತು. ಅಷ್ಟು ಒಳ್ಳೆಯ ಸ್ಥಿರಚಿತ್ರವನ್ನು ನಾನು ಆವರೆಗೆ ಟಿವಿಯಿಂದ ತೆಗೆದಿರಲಿಲ್ಲ.

ಟೀಚರಿಗೆ ಫೋನ್ ಮಾಡಿ, ಒಬ್ಬರೇ ಅಂಗಡಿಗೆ ಬರಲು ಹೇಳಿದೆ. ಶಾಲೆ ಬಿಟ್ಟ ಮೇಲೆ ಬಂದರು. ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ನಾನು ಸರಿದು ನಿಂತೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಫೋನಿನಲ್ಲಿದ್ದ ತಂದೆಯ ಹಳೆಯ ಫೋಟೋ ತೆರೆದು ಪಕ್ಕದಲ್ಲಿ ಹಿಡಿದರು. ತಂದೆಯ ಮುಖವನ್ನು ಅವರು ಹುಟ್ಟಿದಾಗಿನಿಂದ ಕಂಡದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮತ್ತು ವಿಸಿಡಿಯ ಆ ಮಸುಕಿನಲ್ಲಿ, ಅಷ್ಟೇ.

‘ಕಿವಿ…’ ಎಂದರು.

‘ಹೌದ್ರಿ.’

‘ಇವರು ಯಾರೋ ಬ್ಯಾರೆ.’

ಅವರು ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ಫೋನ್ ಬ್ಯಾಗಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು.

ನಾನು ಹೇಳಿದೆ: ‘ನೋಡ್ರಿ ಟೀಚರ್, ಡಿಸ್ಕ್ ನಮ್ಮ ದೇಶದಾಗ ಓಡೂದಿಲ್ಲ ಅಂತ ಹೇಳಿಬಿಡೂಣು. ಅದು ಪೂರ್ತಿ ಸುಳ್ಳೂ ಅಲ್ಲ. ನನ್ನ ಪ್ಲೇಯರಿನಾಗ ಓಡಲಿಲ್ಲ ಹೌದಿಲ್ಲೋ? ಹಳೇ ಡಿಸ್ಕ್ ಅವರ ಹತ್ತರ ಐತಿ. ಹಂಗ ನಡೀಲಿ.’

ಹೊರಗೆ ಆಟೋದವರು ಜೈನಾಪುರದ ಕಡೆಯ ಸವಾರಿಗಾಗಿ ಕೂಗುತ್ತಿದ್ದರು.

‘ಹಂಗ ಹೇಳಿದ್ರ ಅಕಿ ಮತ್ತ ಮುಂಬೈಗೆ ಹೋಗ್ತಾಳ್ರಿ. ಹೋದಲ್ಲಿ ಎಲ್ಲೆರ ಬಿದ್ರ? ಇಲ್ಲದವರನ್ನ ಹುಡಕಾಕ ಹೋಗಿ ಇದ್ದಾಕೀನ ಕಳಕೊಳ್ಳಲೇನು? ನನಗ ತಾಯೀನೂ ಅಕೀನ, ತಂದೀನೂ ಅಕೀನ. ನಾ ಹೇಳಿದ್ರ ನಂಬೂದಿಲ್ಲ. ಡಿಸ್ಕ್ ತೋರಸೂಣು. ನೀವೂ ಬರ್ರಿ’ ಎಂದರು.

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಆದರೂ ಆ ದಿನ ನಾನು ಇನ್ನೊಂದು ಮಾತು ಹೇಳಿ ತಡೆದಿದ್ದರೆ ಎಂದು ಅನ್ನಿಸುತ್ತಲೇ ಇರುತ್ತದೆ. ಯಾವ ಮಾತು ಎಂದು ಮಾತ್ರ ಹೊಳೆಯುವುದಿಲ್ಲ.

ಮುಂದಿನ ಭಾನುವಾರ ಟೀಚರ್ ಕೊಂಡ ಹೊಸ ಟಿವಿ, ವ್ಯಾಪಾರಿಯ ಪ್ಲೇಯರ್ ಹೊತ್ತುಕೊಂಡು ಬಬಲೇಶ್ವರಕ್ಕೆ ಹೋದೆವು. ಹಳೆಯ ಡಬ್ಬಿ ಟಿವಿಗೆ ಪ್ಲೇಯರನ್ನು ಜೋಡಿಸುವಂತಿರಲಿಲ್ಲ. ಅದನ್ನು ಇಳಿಸಿ ಕೆಳಗಿಟ್ಟು, ಹೊಸದನ್ನು ಮೇಜಿನ ಮೇಲಿಟ್ಟೆ. ಫುಪ್ಪು ಹೊಸ ಸೀರೆ ಉಟ್ಟಿದ್ದರು. ಒಳಗಿನಿಂದ ಮಸಾಲೆಯ ವಾಸನೆ ಬರುತ್ತಿತ್ತು. ದಾರಿಯಲ್ಲಿ ಟೀಚರ್, ತಾನೇ ಮೊದಲು ಮಾತು ತೆಗೆದು ಅತ್ತೆಯನ್ನು ಸಿದ್ಧಮಾಡುತ್ತೇನೆ ಎಂದಿದ್ದರು. ಆದರೆ ಆ ಸೀರೆ ನೋಡಿ ಅವರಿಗೆ ಬಾಯಿ ಬರಲಿಲ್ಲ. ನಾನು ಕೇಬಲ್ ಸಿಕ್ಕಿಸಿದೆ, ಡಿಸ್ಕ್ ಹಾಕಿದೆ.

ಮೆರವಣಿಗೆ ಬಂದಾಗ ಫುಪ್ಪು ಎಂದಿನಂತೆ ಮುಂದೆ ಬಾಗಿದರು. ‘ಈಗ ಬರ್ತಾನ’ ಎಂದರು. ಮುಖ ತಿರುಗಿತು. ನಾನು ನಿಲ್ಲಿಸಿದೆ.

ಅವರು ಎದ್ದು ಟಿವಿಯ ಹತ್ತಿರ ಹೋದರು. ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಕಿವಿಯ ಮೇಲೆ ಬೆರಳಿಟ್ಟು, ಆಚೆ ಈಚೆ ಸವರಿದರು, ಗಾಜಿನ ಮೇಲೆ ಏನೋ ಅಂಟಿದೆ ಎಂಬಂತೆ.

‘ಕಿವಿ ಪೂರಾ ಐತಿ.’

‘ಸಿನಿಮಾದವರು ಬಣ್ಣಾ ಹಚ್ಚತಾರಲ್ರಿ?’ ಅವರು ನನ್ನ ಕಡೆ ತಿರುಗಿ ಕೇಳಿದರು. ‘ಮೂಗಿಗಿ, ಕಿವಿಗಿ ಏನೇನೋ ಅಂಟಸ್ತಾರ, ನಾ ನೋಡೀನಿ. ಹರದ ಕಿವಿ ಚಂದ ಕಾಣೂದಿಲ್ಲ ಅಂತ ತುಂಬಿರಬೇಕು. ಹೌದಲ್ರಿ? ನಿಮಗ ಇದರಾಗಿಂದೆಲ್ಲಾ ಗೊತ್ತೈತಿ, ಹೇಳ್ರಿ.’

ಹೌದು ಎಂದರೆ ಮುಗಿಯುತ್ತಿತ್ತು. ಇರಬಹುದು ಎಂದರೂ ಸಾಕಿತ್ತು. ನಾನು ಟೀಚರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಸೆರಗಿನ ಅಂಚು ಮಡಚುತ್ತಿದ್ದರು. ಅವರ ಮಂಡಿಯ ಪಕ್ಕದಲ್ಲಿ ಫುಪ್ಪುವಿನ ಕಾಲಿಗೆ ಕಟ್ಟುವ ಪಟ್ಟಿ ಬಿದ್ದಿತ್ತು. ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

‘ಇಲ್ರಿ ಅಮ್ಮಾರ. ಹೀರೋಗ ಹಚ್ಚತಾರ. ಹಿಂದ ನಿಂತ ಬ್ಯಾಂಡಿನವರ ಕಿವಿ ಯಾರೂ ನೋಡೂದಿಲ್ರಿ. ಅಲ್ಲಿ ಏನೂ ಹಚ್ಚಿಲ್ಲ. ಹಚ್ಚಿದ್ರ ಇಷ್ಟು ಕ್ಲಿಯರ್ ಡಿಸ್ಕಿನಾಗ ಗೊತ್ತಾಗ್ತಿತ್ತು.’

‘ಹಳೇದ್ರಾಗ ಕಡದದ್ದು ಕಾಣತಿತ್ತಲ್ಲ?’

‘ಅದು ಡಿಸ್ಕಿನ ದೋಷಾರಿ. ಹಿಂದಿನ ಕೋಲು ಕಿವೀ ಕೂಡ ಕಲತಿತ್ತು.’

ಅವರು ತಲೆಯಾಡಿಸಿದರು. ಮತ್ತೆ ಟಿವಿಯ ಕಡೆ ತಿರುಗಿದರು. ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

‘ಹಂಗಾದ್ರ ಇಂವ ಯಾರು?’ ಎಂದರು. ‘ಇಷ್ಟು ವರ್ಷಾ ನಾ ದುವಾ ಮಾಡಿದ್ದು ಇವಗೇನು?’

ಟೀಚರ್ ಎದ್ದು ಹೋಗಿ ಅವರ ತೋಳು ಹಿಡಿದುಕೊಂಡರು. ಫುಪ್ಪು ಮೆಲ್ಲಗೆ ಬಿಡಿಸಿಕೊಂಡು, ‘ಊಟಕ್ಕ ಏಳ್ರಿ, ಆರಿ ಹೋಗತೈತಿ’ ಎಂದು ಒಳಗೆ ನಡೆದರು. ನಮಗೆ ಬಡಿಸಿದರು. ಇನ್ನೊಂದು ರೊಟ್ಟಿ ಹಾಕಿಕೊಳ್ಳಲು ಒತ್ತಾಯ ಮಾಡಿದರು. ತಮ್ಮನ ಮಾತು ತೆಗೆಯಲಿಲ್ಲ. ಟಿವಿಯ ಮೇಲೆ ಆ ಅಪರಿಚಿತನ ಮುಖ ನಿಂತೇ ಇತ್ತು. ನಾನು ಕೈ ತೊಳೆದುಕೊಂಡು ಬಂದವನೇ ಅದನ್ನು ಆರಿಸಿದೆ.

ಆ ವರ್ಷ ಅವರು ಮುಂಬೈಗೆ ಹೋಗಲಿಲ್ಲ. ಟೀಚರ್ ಬಯಸಿದ್ದು ಆಯಿತು. ಆದರೆ ಕೆಲವು ವಾರಗಳ ಮೇಲೆ ಅವರು ಫೋನ್ ಮಾಡಿದಾಗ ದನಿ ಬಾಡಿತ್ತು.

‘ಫುಪ್ಪು ಟಿವಿ ಹಚ್ಚೂದ ಬಿಟ್ಟಾಳ್ರಿ. ಮೊದಲ ಮುಂಬೈಗೆ ಹೋಗೂ ತಯಾರೀನ ವರ್ಷಪೂರ್ತಿ ನಡೀತಿತ್ತು. ಯಾವ ಓಣಿ ಆಗೇತಿ, ಯಾವ ಓಣಿ ಆಗಿಲ್ಲ, ಯಾರನ್ನ ಕೇಳಬೇಕು, ಎಲ್ಲಾ ಮಾತಾಡ್ತಿದ್ಲು. ಈಗ ಮಾತಾಡಾಕ ಏನೂ ಉಳದಿಲ್ಲ. ಹಳೇ ಟಿವಿ ಮತ್ತ ಹಚ್ಚಿ ಕೊಡ್ತೀರೇನು? ಅಕೀನ ಕೇಳ್ಯಾಳ.’

ಹೋದೆ. ಹಳೆಯ ಡಬ್ಬಿ ಟಿವಿಯನ್ನು ಮತ್ತೆ ಮೇಜಿಗೆ ಏರಿಸಿದೆ. ವಿಸಿಡಿ ಪ್ಲೇಯರಿನ ಲೆನ್ಸ್ ಒರೆಸಿ, ಮೂರು ಬಣ್ಣದ ವೈರು ಸಿಕ್ಕಿಸಿದೆ. ಡಿಸ್ಕನ್ನು ಫುಪ್ಪು ತಾವೇ ಹಾಕಿದರು. ಮಸುಕಾದ ಮೆರವಣಿಗೆ ಬಂತು. ಮುಖ ತಿರುಗಿತು. ಅವರು ನಿಲ್ಲಿಸಿದರು. ಕಂದು ಬಣ್ಣ, ಎರಡು ಕಪ್ಪು ಕಲೆ, ಕಿವಿಯ ಮೇಲೆ ಚೌಕದ ಕಡಿತ. ಎಲ್ಲವೂ ಮೊದಲಿನಂತೆಯೇ ಇತ್ತು. ಅವರು ಕಣ್ಣು ಸಣ್ಣದು ಮಾಡಿ ನೋಡಿದರು, ದೂರ ಹೋಗಿ ಬಾಗಿಲ ಹತ್ತಿರ ನಿಂತು ನೋಡಿದರು.

‘ಇದ್ರಾಗೂ ಆ ಬ್ಯಾರೆಯವನ ಮಾರೀನ ಬರಾಕತ್ತೈತಿ’ ಎಂದರು.

ನನಗೂ ಹಾಗೆಯೇ ಕಾಣುತ್ತಿತ್ತು. ಸಿಡುಬಿನ ಕಲೆಗಳು ಆ ಚಿತ್ರದಲ್ಲಿ ಇರಲಿಲ್ಲ. ಇರಲು ಅಲ್ಲಿ ಜಾಗವೇ ಇರಲಿಲ್ಲ. ಆದರೂ ನಾನು ಅವನ್ನು ನೋಡುತ್ತಿದ್ದೆ. ಮಸುಕಾದ ಚಿತ್ರವನ್ನು ತಿಳಿ ಮಾಡುವುದು ನನಗೆ ಗೊತ್ತಿತ್ತು. ಅದನ್ನು ಮತ್ತೆ ಮೊದಲಿನಂತೆ ಮಸುಕು ಮಾಡಿಕೊಡುವ ಸೆಟ್ಟಿಂಗು ಯಾವ ಯಂತ್ರದಲ್ಲಿಯೂ ಇರಲಿಲ್ಲ.

‘ಬಿಡ್ರಿ’ ಎಂದು ಅವರೇ ಸ್ವಿಚ್ ಆರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರ್ ಮತ್ತೆ ಕರೆದರು. ಫುಪ್ಪು ತಮ್ಮನ ಹೆಸರಿನಲ್ಲಿ ಫಾತಿಹಾ ಓದಿಸುತ್ತಿದ್ದಾರೆ, ತೀರಿಕೊಂಡವರಿಗಾಗಿ ಮಾಡುವ ಪ್ರಾರ್ಥನೆ. ನೀವು ಬರಲೇಬೇಕೆಂದು ಹೇಳಿದ್ದಾರೆ ಎಂದರು. ಇಷ್ಟು ವರ್ಷ ನೆಂಟರು ಎಷ್ಟು ಹೇಳಿದರೂ ಅವರು ಅದಕ್ಕೆ ಒಪ್ಪಿರಲಿಲ್ಲವಂತೆ. ಬದುಕಿರುವವನಿಗೆ ಯಾಕೆ ಎಂದು ಜಗಳಕ್ಕೆ ಹೋಗುತ್ತಿದ್ದರಂತೆ.

ನಾನು ಹೋದಾಗ ಓದು ಮುಗಿದು ಅಂಗಳದಲ್ಲಿ ಊಟ ನಡೆದಿತ್ತು. ಓಣಿಯವರು, ನೆಂಟರು, ಹಳೆಯ ಬ್ಯಾಂಡಿನ ಒಂದಿಬ್ಬರು ಮುದುಕರು ಸಾಲಾಗಿ ಕೂತಿದ್ದರು. ಟೀಚರ್ ಎಲ್ಲರಿಗೂ ನೀರು ಕೊಡುತ್ತಿದ್ದರು. ಅವರ ಕಣ್ಣು ಕೆಂಪಾಗಿತ್ತು. ಫುಪ್ಪು ನನ್ನನ್ನು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ಕೂಡಿಸಿ, ತಾವೇ ತಟ್ಟೆ ತಂದುಕೊಟ್ಟರು. ನಂತರ ಪಕ್ಕದ ಕಟ್ಟೆಯ ಮೇಲೆ, ನೋಯುವ ಕಾಲು ಚಾಚಿಕೊಂಡು ಕೂತರು. ನಾನು ನಾಲ್ಕು ತುತ್ತು ಉಣ್ಣುವವರೆಗೆ ಕಾದರು.

‘ಒಂದ ಕೇಳ್ತೇನಿ, ಖರೇ ಹೇಳ್ರಿ. ನೀವು ಸುಳ್ಳ ಹೇಳೂದಿಲ್ಲ ಅಂತ ಅವತ್ತ ನೋಡೀನಿ.’

‘ಕೇಳ್ರಿ ಅಮ್ಮ.’

‘ಆ ಡಿಸ್ಕಿನಾಗ ನನ್ನ ತಮ್ಮ ಇಲ್ಲ ಅಂತ ಗೊತ್ತಾತು. ಅಂವ ಎಲ್ಲೂ ಇಲ್ಲ ಅಂತ ಅದರಾಗ ಇತ್ತೇನು?’

ಇಷ್ಟು ತಿಂಗಳಲ್ಲಿ ನಾನಾಗಲಿ ಟೀಚರಾಗಲಿ ಇದನ್ನು ಯೋಚಿಸಿರಲಿಲ್ಲ. ಆ ಮುಖ ಬೇರೆಯವರದು ಎಂದಷ್ಟೇ ಡಿಸ್ಕ್ ಹೇಳಿತ್ತು. ಉಳಿದದ್ದೆಲ್ಲ ನಾವು ಅದಕ್ಕೆ ಸೇರಿಸಿಕೊಂಡದ್ದು.

‘ಇರಲಿಲ್ರಿ’ ಎಂದೆ.

‘ಮತ್ತ ನಾ ಇವತ್ತ ಇಷ್ಟು ಮಂದೀನ ಕರದು ಓದಿಸೀನಲ್ಲ? ಅಂವ ಎಲ್ಲೆರ ಒಂದ ಕಡೆ ಕುಂತು ಉಣ್ಣಾಕತ್ತಿದ್ರ?’

ಒಳಗಿನಿಂದ ಯಾರೋ, ಇನ್ನೊಂದು ಪಂಕ್ತಿ ಕೂತಿದೆ, ಅನ್ನ ಎಲ್ಲಿದೆ ಎಂದು ಕೂಗಿದರು. ‘ಬಂದೆ’ ಎನ್ನುತ್ತ ಅವರು ಕಟ್ಟೆಗೆ ಕೈಯೂರಿ ಎದ್ದರು, ಕಾಲೆಳೆಯುತ್ತ ಒಳಗೆ ಹೋದರು. ನನ್ನ ತಟ್ಟೆಯಲ್ಲಿ ಅನ್ನ ಆರಿತ್ತು. ಅದನ್ನು ಬಿಟ್ಟು ಏಳಲು ಮನಸ್ಸು ಬರದೆ, ತಲೆ ತಗ್ಗಿಸಿ, ಉಂಡು ಮುಗಿಸಿದೆ.